ಶುಶ್ರೂಷಾಧರ್ಮ

ಯಾದಗಿರಿಯ ಸೀಮೆಯಲ್ಲಿ ಅಬ್ಬೆತುಮಕೂರೆಂಬುದು ವಿಶ್ವಾರಾಧ್ಯರ ಸಿದ್ಧಸಂಸ್ಥಾನ ಮಠದಿಂದ ಹೆಸರಾದ ಗ್ರಾಮ. ಜಾತ್ರೆಯ ಕಾಲಕ್ಕೆ ನಾನಾ ದಿಕ್ಕುಗಳಿಂದ ಜನರು ಅಲ್ಲಿಗೆ ಬಂದು ನೆರೆಯುವರು. ಬಂದವರಲ್ಲಿ ಸುಖಿಗಳಿಗಿಂತ ದುಃಖಿಗಳೇ ಹೆಚ್ಚು. ದುಃಖಿಗಳಲ್ಲಿಯೂ ವ್ಯಾಧಿಪೀಡಿತರೇ ಹೆಚ್ಚು. ಹಳಗನ್ನಡದಲ್ಲಿ ಅಬ್ಬೆಯೆಂದರೆ ತಾಯಿ. ಊರಿನ ಹೆಸರು ಹುಟ್ಟಿದ ಬಗೆ ಏನೇ ಇರಲಿ, ಆ ಶಬ್ದವು ಕಿವಿಗೆ ಬಿದ್ದೊಡನೆ ಕನ್ನಡ ಬಲ್ಲವರಿಗೆ ತಾಯಿಯ ನೆನಪು ಬಾರದಿರದು. ಕಾಯಿಲೆ ಬಿದ್ದವನು ಮೊದಲು ಕರೆಯುವುದೂ ಅವಳನ್ನೇ. ತಾಯಿಯಿಲ್ಲದ ಮುದುಕನೂ ಜ್ವರದ ತಾಪದಲ್ಲಿ “ಯವ್ವಾ” ಎಂದೇ ನರಳುವನು. ಆ ಕರೆಗೆ ಓಗೊಡುವ ಭಾರವು ಈ ಕಾಲದಲ್ಲಿ ಬಹುಮಟ್ಟಿಗೆ ದಾದಿಯರ ಮೇಲೆ ಬಿದ್ದಿರುವುದು. ಹೆತ್ತವಳು ತನ್ನ ಮಗುವಿಗೆ ಮಾಡುವುದನ್ನು ಅವರು ತಮಗೇನೂ ಆಗದ ಅನ್ಯರಿಗೆ, ಸಂಬಳಕ್ಕಾಗಿ, ಹಗಲಿರುಳು ಮಾಡಬೇಕಾಗಿದೆ. ಈ ಕಾರ್ಯಕ್ಕೆ ಆಧಾರವಾದ ಧರ್ಮವು ಯಾವುದು, ಸಂಕಟ ಬಂದಾಗ ಆ ಧರ್ಮವು ಕೈಹಿಡಿದು ನಡೆಸುವುದು ಹೇಗೆ ಎಂಬುದು ವಿಚಾರಯೋಗ್ಯವಾದ ವಿಷಯ.

ಮೊದಲು ಶಬ್ದವನ್ನೇ ನೋಡಬೇಕು. ರೋಗಿಯ ಸೇವೆಗೆ ಶುಶ್ರೂಷೆಯೆಂದು ಹೆಸರು. ವ್ಯಾಕರಣವನ್ನು ಓದಿದವರು ಬಲ್ಲಂತೆ ಇದು ಕೇಳು ಎಂಬರ್ಥದ ‘ಶ್ರು’ ಧಾತುವಿನ ಮೇಲೆ ಸನ್ ಪ್ರತ್ಯಯವು ಬಂದು ಆದ ರೂಪ; ಕೇಳಬೇಕೆಂಬ ಇಚ್ಛೆಯೇ ಇದರ ಮೂಲಾರ್ಥ. ಗುರುವಿನ ಮಾತನ್ನು ಕೇಳಬಯಸುವವನು ಅವನ ಬಳಿಯಲ್ಲಿದ್ದು ಸೇವೆ ಮಾಡುವನಾದುದರಿಂದ ಸೇವೆಯೆಂಬ ಅರ್ಥವು ಅನಂತರ ಬಂದಿತು. ಔಷಧ ಕುಡಿಸುವುದೂ ಹುಣ್ಣು ತೊಳೆಯುವುದೂ ಹಾಸಿಗೆ ಬದಲಿಸುವುದೂ ಶುಶ್ರೂಷೆಯೇ ಅಹುದು. ಆದರೆ ಮಲಗಿದವನು ಏನು ಹೇಳುತ್ತಿರುವನೆಂದು ಕೇಳುವ ಇಚ್ಛೆಯಿಲ್ಲದಿದ್ದರೆ ಅವೆಲ್ಲವೂ ಬರಿಯ ಕೈಗೆಲಸವಾದಾವು.

ಪ್ರಾಚೀನರು ಈ ವಿಷಯವನ್ನು ಅಲಕ್ಷಿಸಿದವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ಪರಿಚಾರಕನನ್ನು ವೈದ್ಯನ ಆಳೆಂದೆಣಿಸದೆ ಅವನ ಸಾಲಿನಲ್ಲಿಯೇ ಒಂದು ಪಾದವಾಗಿ ನಿಲ್ಲಿಸಿದುದು ಗಮನಾರ್ಹವಾದುದು. ಒಂದು ಕಾಲು ಮುರಿದ ಮಂಚದ ಮೇಲೆ ಯಾರು ತಾನೆ ಮಲಗಿಯಾರು? ಉಪಚಾರಕ್ರಮದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳು ಪರಿಚಾರಕನಿಗೆ ಇರತಕ್ಕುವೆಂದು ಆ ಗ್ರಂಥದ ಮತ. ಬೌದ್ಧರ ವಿನಯಪಿಟಕದಲ್ಲಿ ಅತಿಸಾರದಿಂದ ತನ್ನ ಮಲದಲ್ಲಿಯೇ ಬಿದ್ದಿದ್ದ ಒಬ್ಬ ಭಿಕ್ಷುವಿನ ಕಥೆಯುಂಟು. ಅವನು ಇತರರಿಗೆ ಉಪಯೋಗವಿಲ್ಲದವನೆಂದು ಸಂಗಡಿಗರು ಅವನನ್ನು ನೋಡುತ್ತಿರಲಿಲ್ಲ. ಬುದ್ಧನು ಆನಂದನೊಡನೆ ಬಂದು ತಾನೇ ನೀರೆರೆದು ತೊಳೆದು, ಅವನನ್ನೆತ್ತಿ ಮಂಚದ ಮೇಲೆ ಮಲಗಿಸಿ, ತನ್ನನ್ನು ಸೇವಿಸಬಯಸುವವರು ರೋಗಿಯನ್ನು ಸೇವಿಸಲೆಂದು ಶಿಷ್ಯರಿಗೆ ಬೋಧಿಸಿದನು. ಮಲಮೂತ್ರಗಳಿಗೆ ಹೇಸದಿರುವುದೂ ಲಾಭಕ್ಕಾಗಿಯಲ್ಲದೆ ಮೈತ್ರಿಯಿಂದ ಸೇವೆಮಾಡುವುದೂ ಒಳ್ಳೆಯ ಪರಿಚಾರಕನ ಲಕ್ಷಣಗಳೆಂದು ಅಲ್ಲಿಯೇ ಎಣಿಸಿದೆ.

ಪಶ್ಚಿಮದಲ್ಲಿ ಈ ವೃತ್ತಿಗೆ ಶಾಸ್ತ್ರದ ರೂಪವನ್ನೂ ಗೌರವವನ್ನೂ ತಂದವಳು ಫ್ಲಾರೆನ್ಸ್ ನೈಟಿಂಗೇಲ್. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ನಡುವೆ ದುಡಿದ ಈಕೆ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯನ್ನು ಸ್ಥಾಪಿಸಿದಳು. 1893ರಲ್ಲಿ ಅಮೆರಿಕದಲ್ಲಿ ಇವಳ ಹೆಸರಿನಿಂದ ಒಂದು ಪ್ರತಿಜ್ಞೆಯು ರಚಿತವಾಯಿತು. ಹಾನಿಕರವಾದುದನ್ನು ಮಾಡದಿರುವುದೂ, ವೃತ್ತಿಯಲ್ಲಿ ತಿಳಿದುಬಂದ ಮನೆಮಾತುಗಳನ್ನು ಹೊರಗೆಡಹದಿರುವುದೂ ಅದರ ಸಾರ. ಚರಕನ ವಿಮಾನಸ್ಥಾನದಲ್ಲಿ ಶಿಷ್ಯನಿಗೆ ವಿಧಿಸುವ ನಿಯಮಗಳಲ್ಲಿಯೂ ರೋಗಿಯ ಮನೆಯ ವೃತ್ತಾಂತವನ್ನು ಹೊರಗೆ ಹೇಳಬಾರದೆಂಬ ಮಾತಿರುವುದು. ದೇಶವೂ ಕಾಲವೂ ಬೇರೆಯಾಗಿದ್ದರೂ ಹಾಸಿಗೆಯ ಬಳಿ ನಿಂತವರಿಗೆ ಹೊಳೆದ ನ್ಯಾಯವು ಒಂದೇ. ಅಂತರರಾಷ್ಟ್ರೀಯ ದಾದಿಯರ ಮಂಡಲಿಯು 1953ರಲ್ಲಿ ನೀತಿಸಂಹಿತೆಯನ್ನು ಅಂಗೀಕರಿಸಿತು. ಭಾರತದಲ್ಲಿ ಶಿಕ್ಷಣಕ್ಕೊಂದು ಏಕರೂಪವಾದ ಮಟ್ಟವನ್ನು ತರಲು 1947ರಲ್ಲಿ ನರ್ಸಿಂಗ್ ಕೌನ್ಸಿಲ್ ಕಾಯಿದೆಯು ಬಂದಿತು.

ನಿಯಮಗಳನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ಒಂದು ನಿಯಮವು ಮತ್ತೊಂದರೊಡನೆ ತೊಡಕಿಕೊಂಡಾಗ ಏನು ಮಾಡಬೇಕೆಂಬುದೇ ಕಷ್ಟ. ಇದಕ್ಕೆ ನಿದರ್ಶನವಾಗಿ ಅಬ್ಬೆತುಮಕೂರಿನ ಆಸುಪಾಸಿನ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಇಂಥ ಮನೆಗಳು ಎಲ್ಲ ಊರುಗಳಲ್ಲಿಯೂ ಉಂಟು.

ಒಕ್ಕಲುತನದ ಒಬ್ಬ ಮುದುಕನು ಹಾಸಿಗೆ ಹಿಡಿದಿರುವನು. ಹೊಟ್ಟೆಯಲ್ಲಿ ಅರ್ಬುದ. ಕಲಬುರಗಿಯ ವೈದ್ಯರು ನೋಡಿ, ಮಾಡುವುದು ಇನ್ನೇನೂ ಉಳಿದಿಲ್ಲವೆಂದು ಹಿರಿಯ ಮಗನಿಗೆ ತಿಳಿಸಿ ಮನೆಗೆ ಕಳುಹಿಸಿರುವರು. ಬೆನ್ನಿನ ಹುಣ್ಣನ್ನು ತೊಳೆದು ಕಟ್ಟಲು ದಿನವೂ ದಾದಿಯೊಬ್ಬಳು ಬರುವಳು. ಮಗನು ಬಾಗಿಲಿನಲ್ಲಿಯೇ ಅವಳನ್ನು ತಡೆದು, “ಅಪ್ಪಗ ಏನೂ ಹೇಳಬ್ಯಾಡ್ರಿ ನರ್ಸಮ್ಮ. ಹೇಳಿದ್ರ ಎದಿ ಒಡಕೊಂಡು ಇವತ್ತೇ ಹೋಗ್ತಾನ” ಎಂದು ಕೈಮುಗಿದಿರುವನು. ಹೊಲದಲ್ಲಿ ತೊಗರಿಯು ಹೂವಾಡುತ್ತಿದೆ. ಒಂದು ಬೆಳಿಗ್ಗೆ ಅವಳು ಹುಣ್ಣು ತೊಳೆಯುತ್ತಿರುವಾಗ ಮುದುಕನು ಗೋಡೆಯ ಕಡೆಗೆ ಮುಖಮಾಡಿಯೇ ಕೇಳುವನು: “ಯವ್ವಾ, ತೊಗರಿ ರಾಶಿ ಆಗೂತನಕ ನಾ ಇರ್ತೀನೇನ? ಖರೆ ಹೇಳು.”

ಅವಳು ಏನು ಹೇಳಬೇಕು? ಶಾಲೆಯಲ್ಲಿ ಕಲಿತ ನೀತಿಸಿದ್ಧಾಂತಗಳೆಲ್ಲವೂ ಆ ಕ್ಷಣದಲ್ಲಿ ಅವಳ ಸುತ್ತಲೂ ಬಂದು ನಿಲ್ಲುವುವು. ಮೊದಲನೆಯದು ಕರ್ತವ್ಯವಾದ. ಜರ್ಮನಿಯ ತತ್ತ್ವಜ್ಞಾನಿ ಕಾಂಟನ ಮತದಲ್ಲಿ ಸತ್ಯವಚನವು ಫಲವನ್ನಪೇಕ್ಷಿಸದ ವಿಧಿ. ಕೊಲೆಗಾರನು ಬಾಗಿಲಿಗೆ ಬಂದು, ಅಡಗಿರುವ ಮಿತ್ರನೆಲ್ಲಿಯೆಂದು ಕೇಳಿದರೂ ಸುಳ್ಳಾಡಲಾಗದೆಂದು ಆತನು 1797ರಲ್ಲಿ ವಾದಿಸಿದನು. ಭಾರತೀಯರಿಗೆ ಇದನ್ನು ಕೇಳಿದೊಡನೆ ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಹೇಳಿದ ಕೌಶಿಕನ ಕಥೆಯು ನೆನಪಾಗುವುದು. ಸತ್ಯವನ್ನೇ ಆಡುವೆನೆಂದು ವ್ರತಹಿಡಿದಿದ್ದ ಆ ತಪಸ್ವಿಯು ಕಳ್ಳರಿಗಂಜಿ ಕಾಡುಹೊಕ್ಕವರ ಜಾಡನ್ನು ಕಳ್ಳರಿಗೇ ತೋರಿಸಿದನು; ಕಳ್ಳರು ಅವರನ್ನು ಕೊಂದರು; ಕೌಶಿಕನು ನರಕಕ್ಕೆ ಹೋದನು. ಕಾಂಟನು ಸರಿಯೆಂದ ದಾರಿಯಲ್ಲಿಯೇ ನಡೆದವನಿಗೆ ವ್ಯಾಸರು ವಿಧಿಸಿದ ಗತಿಯಿದು.

ಎರಡನೆಯದು ಬೆಂಥಾಮ್, ಮಿಲ್ ಮೊದಲಾದ ಆಂಗ್ಲ ವಿದ್ವಾಂಸರ ಫಲವಾದ. ಯಾವುದರಿಂದ ಹೆಚ್ಚು ಸುಖವೂ ಕಡಿಮೆ ದುಃಖವೂ ಆಗುವುದೋ ಅದು ಯುಕ್ತವೆಂದು ಇದರ ಲೆಕ್ಕ. ಮಗನು ಬಾಗಿಲಿನಲ್ಲಿ ಹೇಳಿದುದು ಇದನ್ನೇ. ಆದರೆ ಈ ಲೆಕ್ಕದಲ್ಲಿ ಮುದುಕನ ಸುಖವೇನೆಂಬುದನ್ನು ಮುದುಕನನ್ನು ಬಿಟ್ಟು ಉಳಿದವರೆಲ್ಲರೂ ನಿರ್ಧರಿಸಿರುವರು. ಮೂರನೆಯದು ಗ್ರೀಸಿನ ಅರಿಸ್ಟಾಟಲನಿಂದ ಬಂದ ಗುಣವಾದ: ಏನು ಮಾಡಬೇಕೆಂದು ಕೇಳುವ ಮೊದಲು ತಾನು ಎಂಥವನಾಗಿರಬೇಕೆಂದು ಕೇಳಿಕೊಳ್ಳಬೇಕೆಂಬುದು ಇದರ ತಿರುಳು. ಚರಕನು ಎಣಿಸಿದ ನಾಲ್ಕು ಗುಣಗಳು ಈ ಪಂಕ್ತಿಗೆ ಸೇರುವುವು. ನಾಲ್ಕನೆಯದು ಈಚಿನದು. 1982ರಲ್ಲಿ ಅಮೆರಿಕದ ಕೆರೋಲ್ ಗಿಲಿಗನ್ ಎಂಬ ವಿದುಷಿಯು, ನೀತಿಯನ್ನು ಕೇವಲ ನ್ಯಾಯದ ತಕ್ಕಡಿಯಿಂದ ಅಳೆಯುವುದು ಸಾಲದು, ಇಬ್ಬರ ನಡುವಣ ಸಂಬಂಧವೂ ಅಕ್ಕರೆಯೂ ನೀತಿಗೆ ಮೂಲವೆಂದು ಪ್ರತಿಪಾದಿಸಿದಳು. ಬಳಕೆಗೆ ಸುಲಭವಾಗುವಂತೆ ನಾಲ್ಕು ಸೂತ್ರಗಳನ್ನು ಬ್ಯೂಶಾಂಪ್ ಮತ್ತು ಚಿಲ್‌ಡ್ರೆಸ್ ಎಂಬಿಬ್ಬರು 1979ರಲ್ಲಿ ಕ್ರೋಡೀಕರಿಸಿದರು. ರೋಗಿಯ ಸ್ವಾತಂತ್ರ್ಯವನ್ನು ಮನ್ನಿಸುವುದು, ಹಿತವನ್ನು ಮಾಡುವುದು, ಅಹಿತವನ್ನು ಮಾಡದಿರುವುದು, ಎಲ್ಲರಿಗೂ ನ್ಯಾಯವಾಗಿ ಹಂಚುವುದು ಎಂಬ ಈ ನಾಲ್ಕೇ ಇಂದು ದಾದಿಯರ ಪಾಠಪುಸ್ತಕಗಳಲ್ಲಿ ಬರುವುವು.

ಇಲ್ಲಿ ಚರಕನ ಒಂದು ವಿಧಿಯನ್ನು ಎಚ್ಚರದಿಂದ ಓದಬೇಕಾಗಿದೆ. ರೋಗಿಯ ಆಯುಷ್ಯವು ಕುಂದಿದುದು ತಿಳಿದಿದ್ದರೂ ಅದನ್ನು ಹೇಳಬಾರದೆಂದು ಆತನು ವಿಮಾನಸ್ಥಾನದಲ್ಲಿ ಹೇಳಿರುವನು. ಮುಚ್ಚಿಡುವವರು ಈ ಮಾತನ್ನು ತಮ್ಮ ಪಕ್ಷಕ್ಕೆ ಎಳೆದುಕೊಳ್ಳುವರು. ಆದರೆ ಆ ವಾಕ್ಯವು ಅಲ್ಲಿಗೆ ಮುಗಿಯುವುದಿಲ್ಲ. ಎಲ್ಲಿ ಹೇಳಿದರೆ ರೋಗಿಗಾಗಲಿ ಅನ್ಯರಿಗಾಗಲಿ ಆಘಾತವಾಗುವುದೋ ಅಲ್ಲಿ ಹೇಳಬಾರದೆಂಬ ನಿಬಂಧನೆಯು ಅದರಲ್ಲಿ ಸೇರಿದೆ. ‘ಎಲ್ಲಿ’ ಎಂಬ ಒಂದು ಪದವು ಅರ್ಥವನ್ನೆಲ್ಲ ತಿರುಗಿಸುವುದು. ಆಘಾತವಾಗುವುದೋ ಇಲ್ಲವೋ ಎಂಬುದನ್ನು ತಿಳಿಯಲು ರೋಗಿಯ ಮನಸ್ಸನ್ನು ತಿಳಿಯಬೇಕು. ಮನಸ್ಸನ್ನು ತಿಳಿಯಲು ಅವನ ಮಾತನ್ನು ಕೇಳಬೇಕು. ನೈಟಿಂಗೇಲಳೂ 1859ರಲ್ಲಿ ಬರೆದ ಪುಸ್ತಕದಲ್ಲಿ, ರೋಗಿಯ ಬಳಿಗೆ ಬಂದು ಹುರುಳಿಲ್ಲದ ಆಶ್ವಾಸನೆಯ ಮಾತುಗಳನ್ನು ಸುರಿಯುವ ಬಂಧುಮಿತ್ರರನ್ನು ಚೆನ್ನಾಗಿ ಬೈದಿರುವಳು. ಆ ಸುಳ್ಳು ಸಮಾಧಾನವು ರೋಗಿಯನ್ನು ಅವನ ಭಯದೊಡನೆ ಒಬ್ಬಂಟಿಗನನ್ನಾಗಿ ಬಿಟ್ಟುಬಿಡುವುದು.

ದಾದಿಯು ಮುದುಕನ ಪ್ರಶ್ನೆಗೆ ಒಡನೆ ಉತ್ತರವನ್ನು ಕೊಡಲಿಲ್ಲ. ಹುಣ್ಣಿನ ಮೇಲೆ ಅರಳೆಯನ್ನಿಟ್ಟು ಕಟ್ಟಿ, ಕೈತೊಳೆದುಕೊಂಡು, ಮಂಚದ ಆ ಪಕ್ಕಕ್ಕೆ ಹೋಗಿ ಅವನ ಮುಖಕ್ಕೆದುರಾಗಿ ಕುಳಿತಳು. “ಯಾಕ ಕೇಳ್ತೀರಿ ಯಪ್ಪಾ? ಮನಸಿನ್ಯಾಗ ಏನದ?” ಎಂದಳು. ಮುದುಕನು ತುಸುಹೊತ್ತು ಸುಮ್ಮನಿದ್ದು ಹೇಳಿದನು: “ಸಣ್ಣಾವ ಪುಣೇದಾಗ ಹಾನ. ಹೊಲದ ಪಾಲಿನ ಮಾತಿಗಿ ಮುನಿಸ್ಕೊಂಡು ಹೋಗ್ಯಾನ. ರಾಶಿಗಿ ಬರ್ತಾನಂತ ಕಾಯ್ಲಾಕತ್ತೀನಿ.” ಅವಳೆಂದಳು: “ರಾಶಿತನಕ ಕಾಯಬ್ಯಾಡ್ರಿ ಯಪ್ಪಾ. ಈಗೇ ಕರೀರಿ.” ಮುದುಕನು ಅವಳ ಮುಖವನ್ನು ನೋಡಿ, “ತಿಳೀತವ್ವ” ಎಂದನು. ಮತ್ತೇನನ್ನೂ ಕೇಳಲಿಲ್ಲ.

ಅವಳು ಸುಳ್ಳನ್ನಾಡಲಿಲ್ಲ. ರೋಗದ ಹೆಸರನ್ನಾಗಲಿ ದಿನದ ಲೆಕ್ಕವನ್ನಾಗಲಿ ಹೇಳಿ ಎದೆಯ ಮೇಲೆ ಕಲ್ಲನ್ನೂ ಹಾಕಲಿಲ್ಲ. ಮುದುಕನಿಗೆ ಬೇಕಾಗಿದ್ದುದು ರೋಗದ ಹೆಸರಲ್ಲ, ಮಗನು. ಅವನ ಮಾತನ್ನು ಪೂರ್ತಿಯಾಗಿ ಕೇಳದಿದ್ದರೆ ಇದು ತಿಳಿಯುತ್ತಿರಲಿಲ್ಲ. ಹಾಗೆಂದು ಅವಳಿಗೆ ಇದರಿಂದ ಕಷ್ಟವಾಗಲಿಲ್ಲವೆಂದಲ್ಲ. ಅಂದಿನ ಸಂಜೆಯೇ ಅವಳು ಹಿರಿಯ ಮಗನಿಗೆ ನಡೆದುದನ್ನು ತಾನಾಗಿ ತಿಳಿಸಿದಳು. ಅವನು ಸಿಟ್ಟಾಗಿ ನಾಳೆಯಿಂದ ಬರಬೇಡವೆಂದನು. ಎರಡು ದಿನ ಅವಳು ಹೋಗಲಿಲ್ಲ. ಹುಣ್ಣಿಗೆ ಮುನಿಸು ತಿಳಿಯದು. ಮೂರನೆಯ ದಿನ ಕರೆಯದೆಯೇ ಹೋಗಿ ಬಾಗಿಲಿನಲ್ಲಿ ನಿಂತಳು, ಸೊಸೆಯು ಮಾತಿಲ್ಲದೆ ನೀರು ಕಾಯಿಸಿ ತಂದಿಟ್ಟಳು. ಕೆಲವು ದಿನಗಳಲ್ಲಿ ಕಿರಿಯ ಮಗನು ಬಂದನು. ತಂದೆಮಕ್ಕಳು ಏನು ಮಾತನಾಡಿದರೆಂಬುದನ್ನು ಅವಳು ಕೇಳಲಿಲ್ಲ. ಕೇಳಿದ್ದರೂ ಊರಿನಲ್ಲಿ ಹೇಳುವಂತಿರಲಿಲ್ಲ. ಹಿರಿಯ ಮಗನ ಸಿಟ್ಟು ಇಳಿಯಿತೆಂದು ಹೇಳಲಾಗದು. ಧರ್ಮವನ್ನು ನಡೆಸಿದವರಿಗೆ ಎಲ್ಲರೂ ಕೃತಜ್ಞರಾಗಿರುವರೆಂದು ಯಾವ ಶಾಸ್ತ್ರವೂ ಮಾತುಕೊಟ್ಟಿಲ್ಲ.

ಇದಕ್ಕಿಂತಲೂ ಕಠಿನವಾದ ಪರೀಕ್ಷೆಯು ಕನ್ನಡನಾಡಿನ ಹೆಣ್ಣುಮಗಳೊಬ್ಬಳ ನಿಮಿತ್ತವಾಗಿ ಭಾರತದ ದಾದಿಯರಿಗೆ ಒದಗಿತು. ಉತ್ತರಕನ್ನಡ ಜಿಲ್ಲೆಯ ಹಳದೀಪುರದವಳಾದ ಅರುಣಾ ಶಾನಭಾಗ ಎಂಬ ತರುಣಿಯು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಳು. 1973ರ ನವೆಂಬರ್ 27ರಂದು ಅಲ್ಲಿಯೇ ಕೆಲಸಕ್ಕಿದ್ದ ಒಬ್ಬನು ನಾಯಿಯ ಸರಪಣಿಯಿಂದ ಅವಳ ಕೊರಳನ್ನು ಬಿಗಿದು ಅತ್ಯಾಚಾರವೆಸಗಿದನು. ಮಿದುಳಿಗೆ ಪ್ರಾಣವಾಯುವು ತಪ್ಪಿ ಅವಳ ಅರಿವು ಅಳಿಯಿತು, ಉಸಿರು ಉಳಿಯಿತು. ಅಪರಾಧಿಗೆ ಕೊಲೆಯ ಯತ್ನ ಮತ್ತು ದರೋಡೆಗಾಗಿ ಮಾತ್ರ ಏಳು ವರ್ಷಗಳ ಶಿಕ್ಷೆಯಾಯಿತು. ಅಂದಿನಿಂದ ನಾಲ್ವತ್ತೆರಡು ವರ್ಷಗಳ ಕಾಲ ಅವಳು ತಾನು ದುಡಿದ ಆಸ್ಪತ್ರೆಯಲ್ಲಿಯೇ ಮಲಗಿದ್ದಳು. ಅವಳೊಡನೆ ಕೆಲಸಮಾಡಿದವರು ನಿವೃತ್ತರಾದರು. ಅವಳು ನಡೆದಾಡಿದುದನ್ನು ಎಂದೂ ಕಾಣದ ಹೊಸ ತಲೆಮಾರಿನ ದಾದಿಯರು ಬಂದರು. ತುತ್ತಿಡುವ ಕೈ ಬದಲಾಯಿತೇ ಹೊರತು ತುತ್ತು ನಿಲ್ಲಲಿಲ್ಲ. ಅಷ್ಟು ದೀರ್ಘಕಾಲ ಮಲಗಿದವಳ ಮೈಯಲ್ಲಿ ಹಾಸಿಗೆಯ ಹುಣ್ಣಾಗದಂತೆ ನೋಡಿಕೊಂಡುದರ ಬೆಲೆಯನ್ನು ಮನೆಯಲ್ಲಿ ರೋಗಿಯಿದ್ದವರೇ ಬಲ್ಲರು. ಹಾಸಿಗೆಯನ್ನು ತೆರವು ಮಾಡಲು ಅವಳನ್ನು ಬೇರೆಡೆಗೆ ಸಾಗಿಸುವ ಯೋಚನೆಯು ಬಂದಾಗ ದಾದಿಯರು ಪ್ರತಿಭಟಿಸಿ ಅದನ್ನು ತಡೆದರು.

ಅವಳ ಬಾಳಿನ ಕಥೆಯನ್ನು ಬರೆದ ಪಿಂಕಿ ವಿರಾನಿ ಎಂಬ ಲೇಖಕಿಯು, ಇಂಥ ಜೀವವನ್ನು ಬಲವಂತದಿಂದ ಉಳಿಸುವುದು ಕ್ರೌರ್ಯವೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಮೊರೆಯಿಟ್ಟಳು. ಅವಳ ಮಾತಿನಲ್ಲಿಯೂ ಕರುಣೆಯೇ ಇದ್ದಿತು. 2011ರ ಮಾರ್ಚ್ 7ರಂದು ನ್ಯಾಯಾಲಯವು, ಜೀವಾಧಾರವಾದ ಚಿಕಿತ್ಸೆಯನ್ನು ಕೆಲವು ಸಂದರ್ಭಗಳಲ್ಲಿ ಉಚ್ಚನ್ಯಾಯಾಲಯದ ಅನುಮತಿಯಿಂದ ನಿಲ್ಲಿಸಬಹುದೆಂದು ತತ್ತ್ವವನ್ನು ಒಪ್ಪಿಕೊಂಡಿತು. ಆದರೆ ಅರುಣೆಯ ವಿಷಯದಲ್ಲಿ ಆ ಪ್ರಾರ್ಥನೆಯನ್ನು ನಿರಾಕರಿಸಿತು. ಅವಳ ಪರವಾಗಿ ಮಾತನಾಡತಕ್ಕ ಆಪ್ತರು ಇಷ್ಟು ವರ್ಷ ಉಣಿಸಿ ತೊಳೆದ ಆಸ್ಪತ್ರೆಯ ಸಿಬ್ಬಂದಿಯವರೇ ಹೊರತು ಅನ್ಯರಲ್ಲವೆಂಬುದು ತೀರ್ಪಿನ ಮರ್ಮ. ರಕ್ತಸಂಬಂಧಕ್ಕಿಂತ ಶುಶ್ರೂಷೆಯ ಸಂಬಂಧವು ಹತ್ತಿರದ್ದೆಂದು ನ್ಯಾಯಪೀಠವೇ ಒಪ್ಪಿದಂತಾಯಿತು. 2015ರ ಮೇ 18ರಂದು ಅವಳು ಶ್ವಾಸಕೋಶದ ಉರಿಯೂತದಿಂದ ತೀರಿಕೊಂಡಳು.

ದಾದಿಯರ ಪಕ್ಷವು ಸರಿಯೋ, ಲೇಖಕಿಯ ಪಕ್ಷವು ಸರಿಯೋ? ಇಲ್ಲಿ ಒಂದು ಮಾತನ್ನು ಮರೆಯಬಾರದು. ಅರುಣೆಯು ಮಾತನಾಡಬಲ್ಲವಳಾಗಿರಲಿಲ್ಲ. ಅಬ್ಬೆತುಮಕೂರಿನ ಮುದುಕನನ್ನು “ಮನಸಿನ್ಯಾಗ ಏನದ” ಎಂದು ಕೇಳಿದಂತೆ ಅವಳನ್ನು ಕೇಳಲಾಗುತ್ತಿರಲಿಲ್ಲ. ಕೇಳಲಾಗದ ಕಡೆ ಬದುಕಿನ ಪಕ್ಷವನ್ನು ವಹಿಸಿದ ದಾದಿಯರನ್ನು ದೂಷಿಸಲಾಗದು. ಕೇಳಲಾಗದ ಕಡೆ ಯಾತನೆಯನ್ನು ಶಂಕಿಸಿದ ಲೇಖಕಿಯನ್ನೂ ದೂಷಿಸಲಾಗದು. ಈ ತೊಡಕನ್ನು ಬಿಡಿಸಲೆಂದೇ 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯವು, ಮನುಷ್ಯನು ಬುದ್ಧಿ ಸ್ವಸ್ಥವಾಗಿರುವಾಗಲೇ ತನ್ನ ಅಂತ್ಯಕಾಲದ ಚಿಕಿತ್ಸೆಯ ವಿಷಯದಲ್ಲಿ ಇಚ್ಛೆಯನ್ನು ಬರೆದಿಡಬಹುದೆಂದು ತೀರ್ಪಿತ್ತಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಲಾಯಿತು. ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ಇದನ್ನು ಆಚರಣೆಗೆ ತರಲು ಆದೇಶವನ್ನು ಹೊರಡಿಸಿತು. ಬರೆದಿಟ್ಟ ಇಚ್ಛೆಯೆಂದರೆ, ಬಾಯಿ ನಿಂತುಹೋದ ಮೇಲೆಯೂ ಕೇಳಿಸುವ ಮಾತು. ಇದೂ ಶುಶ್ರೂಷೆಯ ಮೂಲಾರ್ಥಕ್ಕೆ ಸೇರಿದುದೇ.

ಅರುಣೆಯ ಕಥೆಗೆ ಇನ್ನೊಂದು ಮುಖವುಂಟು. ದಾದಿಯ ಧರ್ಮವನ್ನು ಕುರಿತು ಬರೆಯುವವರು ಬಹಳ. ದಾದಿಯ ವಿಷಯದಲ್ಲಿ ಉಳಿದವರ ಧರ್ಮವನ್ನು ಕುರಿತು ಬರೆಯುವವರು ವಿರಳ. ಅರುಣೆಯ ಮೇಲೆ ಆಕ್ರಮಣವಾದಾಗ ಮುಂಬಯಿಯ ದಾದಿಯರು ರಕ್ಷಣೆಯನ್ನು ಕೋರಿ ಕೆಲಸ ನಿಲ್ಲಿಸಿದರು. ಸೇವೆಮಾಡುವವರು ಕೇಳಬಾರದು, ಸಹಿಸಬೇಕು ಎಂದು ಹೇಳುವವರು ಆಗಲೂ ಇದ್ದಿರಬಹುದು, ಈಗಲೂ ಇರುವರು. ಭೀಮಾನದಿಯ ದಂಡೆಯಲ್ಲಿ, ಯಾದಗಿರಿಯ ಸೀಮೆಗೆ ನೆರೆಯಲ್ಲಿಯೇ ಇರುವ ಸನ್ನತಿಯಲ್ಲಿ 1980ರ ದಶಕದಲ್ಲಿ, ಚಂದ್ರಲಾಂಬೆಯ ದೇವಾಲಯದ ಆವರಣದ ಕಾಳಿಯ ಗುಡಿಯಲ್ಲಿ ಅಶೋಕನ ಶಾಸನಗಳನ್ನು ಕೆತ್ತಿದ ಕಲ್ಲು ದೊರೆಯಿತು. ಕಳಿಂಗದ ಧೌಲಿಯಲ್ಲಿಯೂ ಜೌಗಡದಲ್ಲಿಯೂ ಮಾತ್ರ ಮೊದಲು ತಿಳಿದಿದ್ದ ಪ್ರತ್ಯೇಕ ಶಾಸನಗಳೂ ಆ ಕಲ್ಲಿನಲ್ಲಿವೆ. ಪ್ರಜೆಗಳೆಲ್ಲರೂ ತನ್ನ ಮಕ್ಕಳೆಂದು ಹೇಳುವ ಆ ಶಾಸನವು, ಅಧಿಕಾರಿಯು ಸಮದೃಷ್ಟಿಯನ್ನು ಕಳೆದುಕೊಳ್ಳಲು ಕಾರಣಗಳಾವುವೆಂದು ಎಣಿಸುವುದು: ಅಸೂಯೆ, ಕೋಪ, ನಿಷ್ಠುರತೆ, ಅವಸರ, ಅಭ್ಯಾಸದ ಕೊರತೆ, ಆಲಸ್ಯ, ಆಯಾಸ. ಮೊದಲಿನವು ಮನಸ್ಸಿನ ದೋಷಗಳು. ಆದರೆ ಅವಸರವೂ ಆಯಾಸವೂ ಬಹುವೇಳೆ ದುಡಿಸುವವರು ತಂದೊಡ್ಡುವ ದೋಷಗಳು. ಒಬ್ಬಳೇ ದಾದಿಗೆ ಐವತ್ತು ಹಾಸಿಗೆಗಳನ್ನು ಒಪ್ಪಿಸಿ, ರಾತ್ರಿಯ ಪಾಳಿಯ ಮೇಲೆ ಹಗಲಿನ ಪಾಳಿಯನ್ನೂ ಹೊರಿಸಿ, ಅವಳು ಪ್ರತಿಯೊಬ್ಬ ರೋಗಿಯ ಮುಖಕ್ಕೆದುರಾಗಿ ಕುಳಿತು ಕೇಳಲಿಲ್ಲವೆಂದು ಬೈಯುವುದು ಯಾವ ನ್ಯಾಯ? ಕೇಳಲು ಮನಸ್ಸು ಬೇಕು; ಕಾಲವೂ ಬೇಕು. ಮನಸ್ಸನ್ನು ಅವಳು ತರಬಹುದು, ಕಾಲವನ್ನು ಕೊಡತಕ್ಕವರು ಇತರರು.

ಸೇವೆಯು ತ್ಯಾಗವೆಂದು ಹೊಗಳಿ, ಯೋಗ್ಯವಾದ ವೇತನವನ್ನೂ ನಿರ್ಭಯವಾದ ಸ್ಥಳವನ್ನೂ ಕೊಡದಿರುವುದು ಒಂದು ಬಗೆಯ ವಂಚನೆ. ಶರಣರು ಕಾಯಕವನ್ನು ಪೂಜೆಗೆ ಸಮನೆಂದೆಣಿಸಿದರು. ಕಾಯಕ ಮಾಡುವವನು ಹಸಿದಿರಬೇಕೆಂದು ಅವರು ಎಲ್ಲಿಯೂ ವಿಧಿಸಲಿಲ್ಲ. ಮಠದ ದಾಸೋಹದಲ್ಲಿ ಬಡಿಸುವವರಿಗೂ ಕಡೆಯಲ್ಲಿ ಒಂದು ಪಂಕ್ತಿಯುಂಟು.

ಸಿದ್ಧಾಂತಗಳು ವ್ಯರ್ಥವೆಂದು ಇದರಿಂದ ತಿಳಿಯಬಾರದು. ಕರ್ತವ್ಯವಾದವು ಸುಳ್ಳಿನ ಇಳಿಜಾರಿನಿಂದ ತಡೆಯುವುದು. ಫಲವಾದವು ಕೌಶಿಕನಂತಾಗದಿರಲು ಎಚ್ಚರಿಸುವುದು. ಗುಣವಾದವು ದಿನದಿನದ ಅಭ್ಯಾಸದಿಂದ ಕೈಯನ್ನೂ ಹೃದಯವನ್ನೂ ಹದಗೊಳಿಸುವುದು. ಅಕ್ಕರೆಯ ನೀತಿಯು ಮಂಚದ ಮೇಲಿರುವುದು ರೋಗವಲ್ಲ, ಹೆಸರುಳ್ಳ ಒಬ್ಬ ಮನುಷ್ಯನೆಂದು ನೆನಪಿಸುವುದು. ನಾಲ್ಕನ್ನೂ ಬಲ್ಲವಳು ಮಂಚದ ಆ ಪಕ್ಕಕ್ಕೆ ಹೋಗಿ ಕುಳಿತುಕೊಳ್ಳದಿದ್ದರೆ ಮಾತ್ರ ಅವು ಪುಸ್ತಕದಲ್ಲಿಯೇ ಉಳಿಯುವುವು.

ಒಂದಿಲ್ಲೊಂದು ದಿನ ಎಲ್ಲರೂ ಆ ಮಂಚದ ಮೇಲೆ ಮಲಗತಕ್ಕವರೇ. ಗೋಡೆಯ ಕಡೆಗೆ ಮುಖಮಾಡಿ ಏನನ್ನೋ ಕೇಳುವ ಆ ಹೊತ್ತಿನಲ್ಲಿ, ಕೈತೊಳೆದುಕೊಂಡು ಬಂದು ಎದುರಿಗೆ ಕುಳಿತು ಕೇಳಿಸಿಕೊಳ್ಳುವವರೊಬ್ಬರು ಎಲ್ಲರಿಗೂ ದೊರೆಯಲಿ. ಹಾಗೆ ಕುಳಿತುಕೊಳ್ಳಲು ಅವರಿಗೆ ಬಿಡುವೂ ನಿರ್ಭಯವೂ ಇರಲಿ.